ಉತಾರದ ಚುಕ್ಕಿ ದಶಾಂಶದ ಚುಕ್ಕಿ ಅಲ್ಲ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮನೆಯಲ್ಲಿ ಹೊಲದ ವಾಟ್ನಿ ಮಾತು ನಡೆದಿತ್ತು. ನವಲಗುಂದ ತಾಲೂಕಿನ ಎರೆ ಹೊಲ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇದ್ದದ್ದು 7 ಎಕರೆ 20 ಗುಂಟೆ. ಪಾಲು ಮೂರು: ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹಿರಿಯ ಮಗ ಮೊಬೈಲ್ ತೆಗೆದು 7.20 ಒತ್ತಿದ. ಮೂರರಿಂದ ಭಾಗಿಸಿದ. 2.40 ಬಂತು. ‘ಒಬ್ಬೊಬ್ಬರಿಗೆ ಎರಡು ಎಕರೆ ನಲವತ್ತು ಗುಂಟೆ’ ಅಂದ.

ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ ಕಾಕಾ ತಲೆ ಎತ್ತಿದರು.

‘ನಲವತ್ತು ಗುಂಟೆ ಅಂದ್ರ ಒಂದು ಎಕರೆ ಆತಲ್ಲೋ ತಮ್ಮಾ. ಹಂಗಂದ್ರ ಒಬ್ಬೊಬ್ಬರಿಗೆ ಮೂರು ಎಕರೆ. ಮೂರ್ಮೂರ್ಲೆ ಒಂಬತ್ತು. ಏಳೂವರಿ ಎಕರೆ ಹೊಲ ಒಂಬತ್ತು ಎಕರೆ ಹೆಂಗಾತು?’

ಮೊಬೈಲ್ ತಪ್ಪು ಹೇಳಿರಲಿಲ್ಲ. 7.20ನ್ನು ಮೂರರಿಂದ ಭಾಗಿಸಿದರೆ 2.40 ಅನ್ನೋದು ಸರಿಯಾದ ಉತ್ತರವೇ. ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಉತಾರದಲ್ಲಿ ಎಕರೆ ಮತ್ತು ಗುಂಟೆಯ ನಡುವೆ ಇರುವ ಚುಕ್ಕಿ ದಶಾಂಶದ ಚುಕ್ಕಿ ಅಲ್ಲ. ಅದರ ಬಲಕ್ಕಿರುವ ಅಂಕಿ ನಲವತ್ತಾದ ಕೂಡಲೇ ಎಡಕ್ಕೆ ಒಂದು ದಾಟುತ್ತದೆ, ನೂರಾದ ಮೇಲೆ ಅಲ್ಲ. ಸರಿಯಾದ ಲೆಕ್ಕ ಹೀಗೆ: ಏಳು ನಲವತ್ತಲೆ 280, ಮೇಲೆ 20, ಒಟ್ಟು 300 ಗುಂಟೆ. ಮೂರು ಪಾಲು ಮಾಡಿದರೆ ತಲಾ 100 ಗುಂಟೆ. ಅಂದರೆ 2 ಎಕರೆ 20 ಗುಂಟೆ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಅಪ್ಪ, ಅಜ್ಜನ ಹೆಸರಿನಲ್ಲೇ ಉಳಿದ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಳ್ಳುವ ಪೌತಿ ಖಾತೆಯ ಓಡಾಟ ಈಗ ಊರೂರಲ್ಲಿ ಇದೆ. ಉತಾರ ಮೊಬೈಲಿನಲ್ಲೇ ಸಿಗುತ್ತದೆ. ಓದುವವರು ಹೆಚ್ಚಾಗಿದ್ದಾರೆ, ಆದರೆ ಅದನ್ನು ಓದುವ ರೀತಿ ಗೊತ್ತಿದ್ದವರು ಕಡಿಮೆ ಆಗುತ್ತಿದ್ದಾರೆ. ಒಂದು ಹೊಲ 1.30, ಇನ್ನೊಂದು 1.20 ಇದ್ದರೆ ಕೂಡಿಸಿದಾಗ 2.50 ಅಲ್ಲ, 3.10 ಬರಬೇಕು. ಇದನ್ನು ಹೇಳಿದರೆ ಪಟ್ಟಣದಲ್ಲಿ ಓದಿದ ಹುಡುಗರು ಮುಖ ನೋಡುತ್ತಾರೆ. ಬೆಳೆ ಪರಿಹಾರದಲ್ಲಿ ಈ ಚುಕ್ಕಿಗೆ ರೊಕ್ಕದ ಬೆಲೆ ಇದೆ. 2022-23ರಿಂದ 2025-26ರವರೆಗಿನ ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು. 2 ಎಕರೆ 20 ಗುಂಟೆ ಅಂದರೆ ಎರಡೂವರೆ ಎಕರೆ, ಹೆಕ್ಟೇರಿನಲ್ಲಿ ಸುಮಾರು 1.01. ಅದನ್ನೇ ಯಾರಾದರೂ 2.20 ಎಕರೆ ಅಂತ ದಶಾಂಶದಲ್ಲಿ ಓದಿ ಲೆಕ್ಕ ಹಾಕಿದರೆ 0.89 ಹೆಕ್ಟೇರ್ ಆಗುತ್ತದೆ. ಸಾವಿರ ರೂಪಾಯಿಗಿಂತ ಸ್ವಲ್ಪ ಜಾಸ್ತಿ ಖೋತಾ. ಒಂದು ಹೆಕ್ಟೇರಿಗೆ 2.47 ಎಕರೆ ಅಂತ ಎಲ್ಲ ಕಡೆ ಓದುತ್ತೇವಲ್ಲ, ಆ ಚುಕ್ಕಿ ಮಾತ್ರ ನಿಜವಾದ ದಶಾಂಶದ್ದು. ಅದನ್ನು 2 ಎಕರೆ 47 ಗುಂಟೆ ಅಂದುಕೊಂಡರೆ ಮತ್ತೆ ಎಡವುತ್ತೇವೆ. ಅದು ಹೆಚ್ಚುಕಡಿಮೆ 2 ಎಕರೆ 19 ಗುಂಟೆ.

ಕಾಕಾನ ಮೊಮ್ಮಗಳು ಹುಬ್ಬಳ್ಳಿಯಲ್ಲಿ ಎಂಟನೇ ಕ್ಲಾಸು. ಎನ್‌ಸಿಇಆರ್‌ಟಿ 2025ರಲ್ಲಿ ಹೊರತಂದ ಎಂಟನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಸಂಖ್ಯೆಗಳ ಕಥೆಗೇ ಒಂದು ಪಾಠ ಇದೆ. ಬ್ಯಾಬಿಲೋನ್, ಈಜಿಪ್ಟ್, ಮಾಯಾ ಜನ ಹೇಗೆ ಎಣಿಸುತ್ತಿದ್ದರು ಅನ್ನುವುದು ಅದರಲ್ಲಿ ಬರುತ್ತದೆ. ಒಳಗಿನ ಕೋಣೆಯಲ್ಲಿ ಅವಳು ಅರವತ್ತರ ಲೆಕ್ಕ ಕಲಿಯುತ್ತಿದ್ದಳು, ಹೊರಗೆ ಕಟ್ಟೆಯ ಮೇಲೆ ಅಜ್ಜ ನಲವತ್ತರ ಲೆಕ್ಕ ಹೇಳುತ್ತಿದ್ದರು. ಎರಡೂ ಒಂದೇ ವಿಷಯ ಅಂತ ಇಬ್ಬರಿಗೂ ಯಾರೂ ಹೇಳಿರಲಿಲ್ಲ. ಈ ಲೇಖನ ಬರೆಯಬೇಕು ಅನ್ನಿಸಿದ್ದು ಆಗಲೇ.

ವಿಷಯ ಇಷ್ಟೇ. ಎಣಿಸುವಾಗ ಎಷ್ಟಾದ ಮೇಲೆ ಒಂದು ಗಂಟು ಕಟ್ಟುತ್ತೀರಿ? ಹತ್ತಾದ ಮೇಲೆ ಕಟ್ಟಿದರೆ ಅದು ಹತ್ತರ ಎಣಿಕೆ. ಅರವತ್ತಕ್ಕೆ ಕಟ್ಟಿದರೆ ಅರವತ್ತರದು. ಗಣಿತದ ಪುಸ್ತಕ ಇದನ್ನೇ ಆಧಾರ ಸಂಖ್ಯೆ ಅನ್ನುತ್ತದೆ. ನಾನು ಇಲ್ಲಿ ಗಂಟು ಅಂತಲೇ ಕರೆಯುತ್ತೇನೆ.

ಹತ್ತರ ಗಂಟು ಕೈಬೆರಳಿನಿಂದ ಬಂದಿದೆ. ಕನ್ನಡದ ಹೆಸರುಗಳಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಇಪ್ಪತ್ತು ಅಂದರೆ ಎರಡು ಹತ್ತು, ಮೂವತ್ತು ಅಂದರೆ ಮೂರು ಹತ್ತು, ಹದಿಮೂರು ಅಂದರೆ ಹತ್ತು ಮತ್ತು ಮೂರು. ಒಂಬತ್ತರೊಳಗೂ ಒಂದು ಹತ್ತು ಅಡಗಿದೆ, ಹತ್ತಕ್ಕೆ ಒಂದು ಕಡಿಮೆ ಅಂತ ಅದನ್ನು ಬಿಡಿಸುತ್ತಾರೆ. ಆದರೆ ಅದೇ ಕೈಯಿಂದ ಬೇರೆ ಗಂಟೂ ಬರುತ್ತದೆ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳಿನ ಗೆಣ್ಣುಗಳನ್ನು ಎಣಿಸಿ ನೋಡಿ. ಮೂರು ನಾಲ್ಕಲೆ ಹನ್ನೆರಡು. ಒಂದು ಹನ್ನೆರಡು ಮುಗಿದ ಕೂಡಲೇ ಇನ್ನೊಂದು ಕೈಯ ಒಂದು ಬೆರಳು ಮಡಚಿ. ಐದೂ ಬೆರಳು ಮಡಚಿದಾಗ ಅರವತ್ತು.

ಅರವತ್ತನ್ನು ನಿಜವಾಗಿ ಬಳಸಿದವರು ಇಂದಿನ ಇರಾಕಿನಲ್ಲಿದ್ದ ಸುಮೇರ್ ಮತ್ತು ಬ್ಯಾಬಿಲೋನಿನ ಜನ. ನಾಲ್ಕು ಸಾವಿರ ವರ್ಷದ ಹಿಂದೆ ಅವರ ಲೆಕ್ಕಿಗರು ಹಸಿ ಮಣ್ಣಿನ ಹಲಗೆಯ ಮೇಲೆ ಕಡ್ಡಿ ಒತ್ತಿ ಬರೆಯುತ್ತಿದ್ದರು. ಎರಡೇ ಗುರುತು: ನಿಂತ ಮೊಳೆಯಂಥದ್ದು ಒಂದು, ಮೂಲೆಯಂಥದ್ದು ಹತ್ತು. ಐದು ಮೂಲೆ ಮತ್ತು ಒಂಬತ್ತು ಮೊಳೆ ಬರೆದರೆ 59. ಅದಾದ ಮೇಲೆ ಎಡಗಡೆಯ ಮನೆಗೆ ಹೋಗಿ ಮತ್ತೆ ಒಂದೇ ಮೊಳೆ. ಈಗ ಅದು ಒಂದಲ್ಲ, ಅರವತ್ತು. ಇಷ್ಟು ಸಾಮಾನಿನಲ್ಲಿ ಅವರು ಎರಡರ ವರ್ಗಮೂಲವನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೂ ತಪ್ಪಿಲ್ಲದೆ ಬರೆದಿಟ್ಟಿದ್ದಾರೆ. ಆ ಹಲಗೆ ಇವತ್ತಿಗೂ ಉಳಿದಿದೆ.

ಅರವತ್ತೇ ಯಾಕೆ? ಪಾಲು ಮಾಡಲಿಕ್ಕೆ. ಹತ್ತನ್ನು ಸರಿಯಾಗಿ ಅರ್ಧ ಮಾಡಬಹುದು, ಐದು ಪಾಲು ಮಾಡಬಹುದು, ಮೂರು ಪಾಲು ಆಗುವುದಿಲ್ಲ. 3.333 ಅಂತ ಬಾಲ ಬೆಳೆಯುತ್ತಲೇ ಹೋಗುತ್ತದೆ. ಅರವತ್ತನ್ನು ಎರಡು, ಮೂರು, ನಾಲ್ಕು, ಐದು, ಆರು, ಇದರಲ್ಲಿ ಎಷ್ಟು ಪಾಲು ಮಾಡಿದರೂ ಏನೂ ಮಿಗುವುದಿಲ್ಲ. ಮೂರರಲ್ಲೊಂದು ಪಾಲು ಅಂದರೆ ಸುಮ್ನೆ 20. ನಿಮಿಷ, ಸೆಕೆಂಡು ಅರವತ್ತಕ್ಕೆ ಗಂಟಾಗುವುದು ಅಲ್ಲಿಂದಲೇ ಬಂದಿದೆ. ನಮ್ಮ ಪಂಚಾಂಗದ ದಿನಕ್ಕೂ ಅರವತ್ತು ಘಳಿಗೆ, ಒಂದು ಘಳಿಗೆಗೆ 24 ನಿಮಿಷ. ಯುಗಾದಿಯ ಸಂವತ್ಸರಗಳೂ ಅರವತ್ತು.

ಒಂದು ತೊಡಕಿತ್ತು. ಬ್ಯಾಬಿಲೋನಿನ ಬರಹದಲ್ಲಿ ಬಹಳ ಕಾಲ ಸೊನ್ನೆಯ ಗುರುತೇ ಇರಲಿಲ್ಲ. ಒಂದು ಮೊಳೆ ಕಂಡರೆ ಅದು ಒಂದೋ, ಅರವತ್ತೋ, ಅರವತ್ತರಲ್ಲೊಂದು ಪಾಲೋ ಅಂತ ಹಲಗೆ ಹೇಳುವುದಿಲ್ಲ. ಓದುವವನಿಗೆ ಗೊತ್ತಿರಬೇಕು. ಲೆಕ್ಕ ಕುರಿಯದೋ, ಹೊಲದ್ದೋ ನೋಡಿ ಅವನು ಅರ್ಥ ಮಾಡಿಕೊಳ್ಳುತ್ತಿದ್ದ. ಬರೆಯುವವನೂ ಓದುವವನೂ ಒಂದೇ ಶಾಲೆಯಲ್ಲಿ ಪಳಗಿದವರು, ಹಾಗಾಗಿ ಕೆಲಸ ನಡೆಯಿತು. ನಮ್ಮ ಉತಾರದ ಕಥೆಯೂ ಇದೇ ಅಲ್ವಾ? 7.20 ಅಂತ ಬರೆದ ತಲಾಟಿಗೂ, ಅಂದರೆ ಊರಿನ ಕಂದಾಯದ ಲೆಕ್ಕಿಗನಿಗೂ, ಅದನ್ನು ಓದಿದ ಕಾಕಾನಿಗೂ ನಲವತ್ತರ ಗಂಟು ಗೊತ್ತಿತ್ತು. ಬರೆದು ತೋರಿಸುವ ಅಗತ್ಯ ಇರಲಿಲ್ಲ. ಈಗ ಓದುವವರು ಬೇರೆ. ಮೊಬೈಲಿನ ಕ್ಯಾಲ್ಕುಲೇಟರ್ ಓದುತ್ತದೆ, ಎಕ್ಸೆಲ್ ಓದುತ್ತದೆ, ಬೆಂಗಳೂರಿನ ಕಂಪನಿಯಲ್ಲಿರುವ ಮಗ ಓದುತ್ತಾನೆ. ಅವರಿಗೆ ಗೊತ್ತಿರುವುದು ಹತ್ತರ ಗಂಟು ಮಾತ್ರ.

ಹಾಗಾದರೆ ನಲವತ್ತು ಎಲ್ಲಿಂದ ಬಂತು? ಇದರ ಹಿಂದೆ ಎರಡು ದೇಶದ ಲೆಕ್ಕ ಕೂಡಿಕೊಂಡಿವೆ. 1620ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ ಭೂಮಿ ಅಳೆಯಲು 66 ಅಡಿಯ ಸರಪಳಿ ಮಾಡಿದ. ಆ ಸರಪಳಿಯ ಉದ್ದ, ಅಷ್ಟೇ ಅಗಲ ಇರುವ ಹತ್ತು ಚೌಕ ಸೇರಿದರೆ ಒಂದು ಎಕರೆ, 43,560 ಚದರ ಅಡಿ. ನಮ್ಮ ಕಡೆಯ ಕಂದಾಯ ಸರ್ವೆಯ ಸರಪಳಿ ಅದರ ಅರ್ಧ, 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಗುಂಟೆ, 1,089 ಚದರ ಅಡಿ. ಸರಪಳಿ ಅರ್ಧ ಆದರೆ ಚೌಕ ಕಾಲುಭಾಗ ಆಗುತ್ತದೆ. ಹಾಗಾಗಿ ಹತ್ತು ಚೌಕದ ಎಕರೆಗೆ ನಲವತ್ತು ಗುಂಟೆ. ಮುಂಬಯಿ ಪ್ರಾಂತದಲ್ಲಿ 1830ರ ದಶಕದಿಂದ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಶುರು ಮಾಡಿದ ಸರ್ವೆ ಧಾರವಾಡ ಜಿಲ್ಲೆಗೂ ಬಂತು. ಆಗಿನ ಧಾರವಾಡ ಜಿಲ್ಲೆಯಲ್ಲಿ ಈಗಿನ ಗದಗ, ಹಾವೇರಿಯ ಬಹುಭಾಗವೂ ಇತ್ತು. ಆ 33 ಅಡಿಯ ಸರಪಳಿಗೆ ಕೊಂಡಿಗಳು ಎಷ್ಟು ಗೊತ್ತಾ? ಹದಿನಾರು. ಯಾಕೆಂದರೆ ಇಲ್ಲಿನ ಜನ ರೂಪಾಯಿಗೆ ಹದಿನಾರು ಆಣೆ ಎಣಿಸುತ್ತಿದ್ದರು. ಇವತ್ತಿಗೂ ಒಂದು ಗುಂಟೆಗೆ ಹದಿನಾರು ಆಣೆ. ರೂಪಾಯಿಯಿಂದ 1957ರ ಏಪ್ರಿಲ್ 1ರಂದು ಆಣೆ ಹೋಯಿತು, ಹೊಲದಲ್ಲಿ ಇನ್ನೂ ಉಳಿದಿದೆ.

ಹದಿನಾರರ ಗಂಟು ನಮ್ಮ ಭಾಗದಲ್ಲಿ ಬಹಳ ಹಳೆಯದು. ಗದಗದ ಹತ್ತಿರದ ಲಕ್ಕುಂಡಿ, ಅಂದಿನ ಲೊಕ್ಕಿಗುಂಡಿ, ನಾಣ್ಯ ಅಚ್ಚು ಹಾಕುತ್ತಿದ್ದ ಊರು. ಶಾಸನಗಳಲ್ಲಿ ಲೊಕ್ಕಿ ಗದ್ಯಾಣ ಅನ್ನುವ ಚಿನ್ನದ ನಾಣ್ಯ ಬರುತ್ತದೆ. ಸಾಮಾನ್ಯವಾಗಿ ಹತ್ತು ಪಣಕ್ಕೆ ಒಂದು ಗದ್ಯಾಣ. ಆದರೆ ಪಣದ ಕೆಳಗೆ ಹೋದರೆ ಹತ್ತು ಬಿಟ್ಟು ನಾಲ್ಕು ಬರುತ್ತದೆ. ನಾಲ್ಕು ಹಾಗಕ್ಕೆ ಒಂದು ಪಣ, ನಾಲ್ಕು ವೀಸಕ್ಕೆ ಒಂದು ಹಾಗ. ಅಂದರೆ ಪಣದ ಹದಿನಾರರಲ್ಲೊಂದು ಪಾಲು ವೀಸ. ಮೇಲಕ್ಕೆ ಎಣಿಸುವಾಗ ಹತ್ತು, ಕೆಳಕ್ಕೆ ಒಡೆಯುವಾಗ ನಾಲ್ಕು. ಒಡೆಯುವುದು ಅಂದರೆ ಅರ್ಧ ಮಾಡುವುದು, ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ರೊಟ್ಟಿ ಮುರಿಯುವಾಗ ಯಾರೂ ಹತ್ತು ಪಾಲು ಮಾಡುವುದಿಲ್ಲ.

ಹಳೆ ಅಂಗಡಿಗಳ ವಹಿಯಲ್ಲಿ ಇದನ್ನು ಬರೆಯುತ್ತಿದ್ದ ರೀತಿ ಬಹಳ ಚಂದ. ರೂಪಾಯಿಯ ಅಂಕಿ ಬರೆದು ಪಕ್ಕದಲ್ಲಿ ನಿಂತ ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಅಂದರೆ ಕಾಲು, ಎರಡು ಅಂದರೆ ಅರ್ಧ, ಮೂರು ಅಂದರೆ ಮುಕ್ಕಾಲು. ಅದರ ಮುಂದೆ ಓರೆ ಗೆರೆ: ಒಂದಕ್ಕೆ ಒಂದು ಆಣೆ, ಮೂರಕ್ಕೆ ಮೂರು ಆಣೆ. ಮೂರು ನಿಂತ ಗೆರೆ, ಮೂರು ಓರೆ ಗೆರೆ ಇದ್ದರೆ ಹದಿನೈದು ಆಣೆ. ಯಾವ ಮನೆಯಲ್ಲೂ ಮೂರಕ್ಕಿಂತ ಹೆಚ್ಚು ಗೆರೆ ಬೇಕಾಗುವುದಿಲ್ಲ, ನಾಲ್ಕಾದರೆ ಮುಂದಿನ ಮನೆಗೆ ಒಂದು ದಾಟುತ್ತದೆ. ಇದು ಪಕ್ಕಾ ನಾಲ್ಕರ ಎಣಿಕೆ. ಲೆಕ್ಕ ಬರೆಯುತ್ತಿದ್ದ ಗುಮಾಸ್ತರಿಗೆ ಆ ಹೆಸರು ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ತೂಕದ ಕಲ್ಲುಗಳ ಮಾತು ಹೇಳದಿದ್ದರೆ ಈ ಲೇಖನ ಪೂರ್ತಿ ಆಗುವುದಿಲ್ಲ. ನಮ್ಮ ಅಟ್ಟದ ಮೇಲೆ ಅಜ್ಜಿಯ ಕಾಲದ ಕಬ್ಬಿಣದ ಕಲ್ಲುಗಳಿವೆ. ಚಟಾಕು, ಅರ್ಧಪಾವು, ಪಾವು, ಅಚ್ಚೇರು, ಸೇರು. ಒಂದೊಂದೂ ಹಿಂದಿನದರ ಎರಡು ಪಟ್ಟು. ಚಟಾಕಿನಲ್ಲಿ ಹೇಳಿದರೆ 1, 2, 4, 8, 16. ಈ ಐದೇ ಕಲ್ಲಿನಿಂದ ಒಂದು ಚಟಾಕಿನಿಂದ ಮೂವತ್ತೊಂದು ಚಟಾಕಿನವರೆಗೆ ಯಾವ ತೂಕ ಬೇಕಾದರೂ ತೂಗಬಹುದು, ಒಂದು ಕಲ್ಲನ್ನೂ ಎರಡು ಸಲ ಇಡದೆ. ಹದಿಮೂರು ಚಟಾಕು ಬೆಲ್ಲ ಬೇಕಾ? ಅಚ್ಚೇರು ಇಡಿ, ಪಾವು ಇಡಿ, ಚಟಾಕು ಇಡಿ. ಎಂಟು, ನಾಲ್ಕು, ಒಂದು. ಇಡುವುದು ಅಥವಾ ಇಡದಿರುವುದು, ಎರಡೇ ಆಯ್ಕೆ. ಕಂಪ್ಯೂಟರ್ ಒಳಗೆ ಸಂಖ್ಯೆ ಕೂರುವುದೂ ಹೀಗೇ: ಇದ್ದರೆ 1, ಇಲ್ಲದಿದ್ದರೆ 0. ನಿಮ್ಮ ಮೊಬೈಲಿನ ಮೆಮೊರಿ 64, 128, 256 ಅಂತ ದುಪ್ಪಟ್ಟು ಆಗುತ್ತಾ ಹೋಗುವುದು ಅದಕ್ಕೇ. ಸುಮಾರು ಕ್ರಿಸ್ತಪೂರ್ವ 1550ರ ಈಜಿಪ್ಟಿನ ಒಂದು ಪಪೈರಸ್ ಸುರುಳಿಯಲ್ಲಿ ಗುಣಾಕಾರವನ್ನೂ ಹೀಗೇ ದುಪ್ಪಟ್ಟು ಮಾಡುತ್ತಾ, ಬೇಕಾದ ಸಾಲುಗಳನ್ನು ಮಾತ್ರ ಕೂಡಿಸಿ ಮುಗಿಸಿದ್ದಾರೆ. ಕಿರಾಣಿ ಅಂಗಡಿಯ ತಕ್ಕಡಿ, ಈಜಿಪ್ಟಿನ ಲೆಕ್ಕಿಗ, ಕೈಯಲ್ಲಿರುವ ಮೊಬೈಲು, ಮೂರಕ್ಕೂ ಒಂದೇ ಯುಕ್ತಿ. ನನಗೆ ಇದು ಪ್ರತಿ ಸಲವೂ ಹೊಸದಾಗಿ ಖುಷಿ ಕೊಡುತ್ತದೆ.

ಅರ್ಧ ಮಾಡುವ ಗಂಟಿಗೆ ಮೂರರ ಪಾಲು ಮಾತ್ರ ಒಗ್ಗುವುದಿಲ್ಲ. ಒಂದು ಎಕರೆ ಅಂದರೆ 640 ಆಣೆ. ಮೂವರಿಗೆ ಹಂಚಿದರೆ ತಲಾ 13 ಗುಂಟೆ 5 ಆಣೆ, ಆಮೇಲೂ ಒಂದು ಆಣೆ ಮಿಗುತ್ತದೆ. ಒಂದು ಆಣೆ ಅಂದರೆ 68 ಚದರ ಅಡಿ, ಒಂದು ಸಣ್ಣ ಬಚ್ಚಲಮನೆಯಷ್ಟು ಜಾಗ. ಬದುವಿನ ಜಗಳಕ್ಕೆ ಅಷ್ಟು ಸಾಕು. ಬ್ಯಾಬಿಲೋನಿನವರು ಅರವತ್ತು ಹಿಡಿದದ್ದು ಎಷ್ಟು ಜಾಣತನ ಅಂತ ಇಂಥ ಕಡೆ ಅರ್ಥ ಆಗುತ್ತದೆ.

ಗಂಟು ನಡುವೆ ಬದಲಾಗುವುದೂ ನಮ್ಮ ಉತಾರದ ವಿಶೇಷ ಅಲ್ಲ. ಮಧ್ಯ ಅಮೆರಿಕದ ಮಾಯಾ ಜನ ಇಪ್ಪತ್ತರ ಎಣಿಕೆಯವರು. ಚುಕ್ಕಿಗೆ ಒಂದು, ಅಡ್ಡಗೆರೆಗೆ ಐದು, ಚಿಪ್ಪಿನ ಚಿತ್ರಕ್ಕೆ ಸೊನ್ನೆ. ದಿನ ಎಣಿಸುವಾಗ ಮಾತ್ರ ಇಪ್ಪತ್ತು ದಿನಕ್ಕೆ ಒಂದು ಗಂಟು, ಅಂಥ ಹದಿನೆಂಟಕ್ಕೆ ಇನ್ನೊಂದು. 360 ದಿನ ಆಯಿತು, ವರ್ಷಕ್ಕೆ ಹತ್ತಿರ. ನಮ್ಮಲ್ಲಿ ಹದಿನಾರು ಆಣೆ ಗುಂಟೆ, ನಲವತ್ತು ಗುಂಟೆ ಎಕರೆ. ಬದುಕಿಗೆ ಬೇಕಾದ ಕಡೆ ಗಂಟು ಕಟ್ಟಿಕೊಂಡರು, ಅಷ್ಟೇ.

ಹತ್ತು ಗೆದ್ದದ್ದು ಸೊನ್ನೆಯ ಜೊತೆ, ಮನೆ ಬದಲಾದರೆ ಬೆಲೆ ಬದಲಾಗುವ ಬರಹದ ಜೊತೆ. ಭಾರತದಲ್ಲಿ ಬೆಳೆದ ಪದ್ಧತಿ ಅದು. ಸೊನ್ನೆಯ ಲೆಕ್ಕಕ್ಕೆ ಬ್ರಹ್ಮಗುಪ್ತ 628ರಲ್ಲೇ ನಿಯಮ ಬರೆದ. ಗ್ವಾಲಿಯರಿನ ಗುಡಿಯಲ್ಲಿ 876ರ ಶಾಸನವೊಂದಿದೆ, ಸೊನ್ನೆಯ ಗುರುತಿಗೆ ಪ್ರಸಿದ್ಧವಾದದ್ದು. ಅದು ಏನು ಹೇಳುತ್ತದೆ ಗೊತ್ತಾ? ದೇವರಿಗೆ ಕೊಟ್ಟ ಹೂದೋಟದ ಅಳತೆ. ಉದ್ದ 270 ಹಸ್ತ, ಅಗಲ 187 ಹಸ್ತ, ದಿನಕ್ಕೆ 50 ಹಾರ. ನಮಗೆ ಸಿಕ್ಕಿರುವ ಪ್ರಸಿದ್ಧ ಸೊನ್ನೆ ಇರುವುದು ಒಂದು ಜಮೀನಿನ ದಾಖಲೆಯಲ್ಲಿ! ಮತ್ತು ಆ ದಾಖಲೆ 270 ಅಂತ ಬಿಟ್ಟು ಸುಮ್ಮನಾಗುವುದಿಲ್ಲ, ಹಸ್ತ ಅಂತ ಅಳತೆಯ ಹೆಸರು ಹೇಳುತ್ತದೆ. ನಮ್ಮ ಭಾಗದ ದಾನಶಾಸನಗಳೂ ಹಾಗೇ. ಇಷ್ಟು ಮತ್ತರು ಭೂಮಿ ಅನ್ನುವುದರ ಜೊತೆಗೆ ಯಾವ ಅಳತೆಗೋಲಿನಲ್ಲಿ ಅಳೆದದ್ದು ಅಂತಲೂ ಕಲ್ಲಿನಲ್ಲಿ ಕೊರೆಸಿದ್ದಾರೆ. ಗದ್ಯಾಣ ಅಂದರೆ ಸಾಲದು, ಲೊಕ್ಕಿ ಗದ್ಯಾಣ ಅನ್ನುತ್ತಾರೆ. ಸೂರ್ಯಚಂದ್ರರಿರುವ ತನಕ ನಡೆಯಬೇಕಾದ ದಾನ. ಓದುವವರು ತಮ್ಮವರೇ ಆಗಿರುತ್ತಾರೆ ಅಂತ ಅವರು ನಂಬಿ ಕೂರಲಿಲ್ಲ.

ಅಷ್ಟು ಎಚ್ಚರ ನಮ್ಮ ಪರದೆಗಳಲ್ಲಿ ಬೇಕು. ಉತಾರದಲ್ಲಿ ಪೂರ್ತಿ ಬರೆದಾಗ 7.20.00 ಅಂತ ಎರಡು ಚುಕ್ಕಿ ಬರುತ್ತವೆ, ಕೊನೆಯದು ಆಣೆ. ಎರಡನೇ ಚುಕ್ಕಿ ಕಂಡರೆ ಇದು ದಶಾಂಶ ಅಲ್ಲ ಅಂತ ಅನುಮಾನವಾದರೂ ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ, ಅರ್ಜಿಯಲ್ಲಿ ತುಂಬುವಾಗ ಜನ ಕೊನೆಯದನ್ನು ಬಿಟ್ಟು 7.20 ಅಂತ ಬರೆಯುತ್ತಾರೆ. ಎಡವುವುದು ಅಲ್ಲೇ. ಎಕರೆಗೆ ಒಂದು ಮನೆ, ಗುಂಟೆಗೆ ಒಂದು ಮನೆ, ಆಣೆಗೆ ಒಂದು ಮನೆ ಬೇರೆ ಬೇರೆ ಇಟ್ಟು, ಗುಂಟೆಯ ಮನೆಯಲ್ಲಿ 39 ದಾಟಿದರೆ ತಗೊಳ್ಳದಂತೆ ಮಾಡುವುದು ದೊಡ್ಡ ಕೆಲಸ ಅಲ್ಲ. ಜಮೀನು ಕೇಳುವ ಪ್ರತಿ ಅರ್ಜಿ, ಪ್ರತಿ ಆ್ಯಪ್ ಹೀಗೇ ಇರಬೇಕು ಅಂತ ನನ್ನ ಆಗ್ರಹ. ಎಲ್ಲವನ್ನೂ ಹೆಕ್ಟೇರಿಗೆ ಬದಲಿಸಿಬಿಡಿ ಅನ್ನುವವರಿದ್ದಾರೆ. ಮಹಾರಾಷ್ಟ್ರದ ಉತಾರವಾದ ಸಾತಬಾರಾದಲ್ಲಿ ಹೆಕ್ಟೇರ್ ಮತ್ತು ಆರ್ ಇದೆ, ನೂರು ಆರ್‌ಗೆ ಒಂದು ಹೆಕ್ಟೇರ್. ಅಲ್ಲಿ ಕ್ಯಾಲ್ಕುಲೇಟರ್ ಸರಿಯಾಗೇ ಹೇಳುತ್ತದೆ. ಆದರೂ ಅಲ್ಲಿನ ರೈತರು ಮಾತಾಡುವುದು ಎಕರೆ, ಗುಂಟೆಯಲ್ಲೇ. ಬಾಯಿಮಾತಿನ ಗಂಟು ಕಾಗದದ ಆದೇಶಕ್ಕೆ ಬಿಚ್ಚುವುದಿಲ್ಲ. ಅದಕ್ಕೇ ಎರಡನ್ನೂ ಓದಲು ಕಲಿಸುವುದು ಮೇಲು ಅಂತ ನನಗನ್ನಿಸುತ್ತದೆ.

ಮಕ್ಕಳಿಗೆ ಇದು ಕಷ್ಟ ಅನ್ನಬೇಡಿ. ಕ್ರಿಕೆಟ್ ನೋಡುವ ಪ್ರತಿ ಹುಡುಗನಿಗೂ ಆರರ ಎಣಿಕೆ ಬರುತ್ತದೆ. 19.5 ಓವರ್ ಆದ ಮೇಲೆ ಇನ್ನೊಂದು ಬಾಲ್ ಬಿದ್ದರೆ 20, 19.6 ಅಂತ ಯಾರೂ ಅನ್ನುವುದಿಲ್ಲ. ಒಬ್ಬ 3.4 ಓವರ್ ಹಾಕಿದ, ಇನ್ನೊಬ್ಬ 2.5 ಹಾಕಿದ, ಒಟ್ಟು ಎಷ್ಟು ಅಂತ ಕೇಳಿ ನೋಡಿ. 6.3 ಅಂತ ತಟ್ಟನೆ ಹೇಳುತ್ತಾರೆ. ಆ ಚುಕ್ಕಿಯೂ ದಶಾಂಶದ್ದಲ್ಲ ಅಂತ ಅವರಿಗೆ ಯಾರೂ ಕಲಿಸಿಲ್ಲ, ಆಡುತ್ತಾ ಬಂದಿದೆ. ಎಂಟನೇ ಕ್ಲಾಸಿನ ಆ ಪಾಠ ಮಾಡುವ ದಿನ ಮಾಸ್ತರರು ಮಕ್ಕಳಿಗೆ ಮನೆಯಿಂದ ಒಂದೊಂದು ಉತಾರದ ಪ್ರತಿ ತರಲು ಹೇಳಲಿ. ಬ್ಯಾಬಿಲೋನಿನ ಹಲಗೆಯ ಪಕ್ಕದಲ್ಲಿ ಅದನ್ನಿಟ್ಟು ಓದಿಸಲಿ. ಹೊಲ ಇಲ್ಲದ ಮನೆಯ ಮಕ್ಕಳಿಗೆ ಓವರಿನ ಲೆಕ್ಕ ಇದ್ದೇ ಇದೆ.

ಅವತ್ತು ಸಂಜೆ ಮೊಮ್ಮಗಳನ್ನೇ ಕರೆದು ಕೂರಿಸಿದೆವು. 300 ಗುಂಟೆಯನ್ನು ಬ್ಯಾಬಿಲೋನಿನವರ ಹಾಗೆ ಬರೆ ಅಂದೆ. ಸ್ವಲ್ಪ ಯೋಚಿಸಿ, ಅರವತ್ತರ ಮನೆಯಲ್ಲಿ ಐದು ಮೊಳೆ ಬರೆದಳು. ಕಾಕಾ ಕನ್ನಡಕ ಹಾಕಿಕೊಂಡು ನೋಡಿದರು. ‘ಮುಂದಿನ ಮನಿ ಖಾಲಿ ಬಿಟ್ಟೀಯಲ್ಲ ಕೂಸ, ಓದಾಂವಗ ಹೆಂಗ ಗೊತ್ತಾಗಬೇಕು?’ ಅಂದರು. ಅವಳ ಹತ್ತಿರ ಉತ್ತರ ಇರಲಿಲ್ಲ, ಬ್ಯಾಬಿಲೋನಿನವರ ಹತ್ತಿರವೂ ಬಹಳ ಕಾಲ ಇರಲಿಲ್ಲ. ಆಮೇಲೆ ಕಾಕಾ ಪಾಲಿನ ಕಾಗದ ತರಿಸಿ, ಅಂಕಿಗಳ ಮೇಲೆ ಗೆರೆ ಎಳೆದು, ಮೂರೂ ಹೆಸರಿನ ಮುಂದೆ ತಮ್ಮ ಕೈಯಾರೆ ಅಕ್ಷರದಲ್ಲಿ ಬರೆದರು: ಎರಡು ಎಕರೆ ಇಪ್ಪತ್ತು ಗುಂಟೆ.